ಪರದೇಶಿ ಸೂಚ್ಯಂಕ

ಮನುಷ್ಯನ ಬಾಯಿಂದ ಹೊರಟ ಮಾತು ಅವನದೇ ಹೌದೋ ಅಲ್ಲವೋ ಎಂದು ಹೇಳುವ ಯಂತ್ರವೊಂದು ನಮ್ಮ ಗದುಗಿನಲ್ಲಿತ್ತು ಎಂದರೆ ಈಗಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ನಗಲಿ, ಅವರಪ್ಪನ ಗಂಟೇನು ಹೋಗಬೇಕು? ನಾನು ಆ ಯಂತ್ರದ ಮುಂದೆ ಕೂತು ಹೊಟ್ಟೆ ಹೊರೆದವಳು. ಹೆಸರು ಕಸ್ತೂರಿ, ಕೆಲಸ ಮೂಲಶೋಧ ಮಂಡಳಿಯ ಗದಗ ಕೇಂದ್ರದಲ್ಲಿ ನುಡಿ ತಪಾಸಣೆ. ಯಂತ್ರಕ್ಕೆ ಸೆಕೆಯಾಗಬಾರದೆಂದು ಆ ಕೋಣೆಯನ್ನು ಸದಾ ತಣ್ಣಗೆ ಇಡುತ್ತಿದ್ದರು. ಬೇಸಿಗೆಯಲ್ಲೂ ನಾವು ಶಾಲು ಹೊದ್ದು ಕೂರುತ್ತಿದ್ದೆವು. ಕಿಟಕಿಯಾಚೆ ಕಪ್ಪತಗುಡ್ಡದ ಗಾಳಿಕಂಬಗಳು ರೆಕ್ಕೆ ತಿರುಗಿಸುತ್ತ ನಿಂತಿರುತ್ತಿದ್ದವು. ದಿನವೂ ಬೈಯುತ್ತಲೇ ಹೋಗುತ್ತಿದ್ದ ಜಾಗ ಅದು, ಈಗ ನೆನಪಾದರೆ ಕರುಳು ಚುರ್ ಅನ್ನುತ್ತದೆ.

ಯಂತ್ರ ಬಂದದ್ದಕ್ಕೆ ಕಾರಣವಿತ್ತು. ಆಗ ಹೊರದೇಶಗಳಲ್ಲಿ ಮಾತಿನ ಕಾರ್ಖಾನೆಗಳು ಎದ್ದಿದ್ದವು. ಯಾವ ಊರಿನ ಜನಕ್ಕೆ ಯಾವ ಮಾತು ನಾಟುತ್ತದೆ ಎಂದು ಲೆಕ್ಕ ಹಾಕಿ, ಭಾಷಣ ಹೊಸೆದು, ನಮ್ಮ ನಾಯಕರ ಬಾಯಿಗೆ ಇಡುತ್ತಿದ್ದವು. ಆ ನಾಯಕರು ಗೆದ್ದ ಮೇಲೆ ಹೊರದೇಶದವರು ಒಂದು ಬಂದರು ಕೇಳುವರು, ಒಂದು ಗಣಿ ಕೇಳುವರು. ದೇಶ ಹೆದರಿತು, ಆ ಹೆದರಿಕೆ ಸುಳ್ಳಲ್ಲ. ಹೀಗಾಗಿ ಒಕ್ಕೂಟ ಸರಕಾರ ಕಾನೂನು ಮಾಡಿತು. ಪ್ರತಿ ಪ್ರಾಂತದ ಮುಖ್ಯಸ್ಥರ ಭಾಷಣವನ್ನೂ ಯಂತ್ರ ಕೇಳಬೇಕು, ಆ ಮಾತಿನ ಮೂಲ ಯಾವುದೆಂದು ಹೇಳಬೇಕು, ಹೊರದೇಶದ ಪ್ರಭಾವ ನೂರಕ್ಕೆ ಇಷ್ಟು ಎಂದು ಅಂಕಿ ಕೊಡಬೇಕು. ಅರವತ್ತು ದಾಟಿದರೆ ಅಧಿಕಾರ ಹೋಯಿತು, ಆರು ವರ್ಷ ಚುನಾವಣೆಗೆ ನಿಲ್ಲುವ ಹಾಗಿಲ್ಲ.

ಆ ಅಂಕಿಗೆ ಕನ್ನಡದಲ್ಲಿ 'ಪರದೇಶಿ ಸೂಚ್ಯಂಕ' ಎಂದು ಹೆಸರಿಟ್ಟಿದ್ದರು. ಯಾವ ಪುಣ್ಯಾತ್ಮ ಇಟ್ಟನೋ! ವಿದೇಶಿ ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಮ್ಮ ಕಡೆ ಪರದೇಶಿ ಎಂದರೆ ಹಿಂದಿಲ್ಲ ಮುಂದಿಲ್ಲ ಎನ್ನುವಂಥವರು, ದಿಕ್ಕಿಲ್ಲದವರು. ತಾಯಿ ಸತ್ತ ಕೂಸನ್ನು ಎತ್ತಿಕೊಂಡು ಓಣಿಯ ಹೆಂಗಸರು "ಪರದೇಶಿ ಆತಲ್ಲೇ ಯವ್ವಾ" ಎಂದು ಅಳುವುದನ್ನು ಕೇಳಿಯೇ ನಾನು ಬೆಳೆದದ್ದು.

ಯಂತ್ರದ ಒಳಗುಟ್ಟನ್ನು ನನಗೆ ತಿಳಿಸಿ ಹೇಳಿದವನು ಇಲಿಯಾಸ. ಬೆಟಗೇರಿಯ ನೇಕಾರರ ಮನೆಯವನು, ನಮ್ಮ ಕೇಂದ್ರದ ಎಂಜಿನಿಯರು, ಬಾಯಲ್ಲಿ ಸದಾ ಲವಂಗ.

"ಯಂತ್ರದೊಳಗ ಒಂದ ದೊಡ್ಡ ಸಂತಿ ಐತಿ ಅಂತ ತಿಳೀರಿ ಅಕ್ಕಾರ. ಒಂದೊಂದ ಶಬ್ದಾನೂ ಒಂದೊಂದ ಜಾಗಾ ಹಿಡದು ಕುಂತಿರತೈತಿ. ಬಾಜೂಕ ಯಾರು ಕುಂತಾರ ಅನ್ನೂದರ ಮ್ಯಾಲ ಅದರ ಅರ್ಥ. ಉಪ್ಪಿನ ಬಾಜೂಕ ಮೆಣಸಿನಕಾಯಿ ಇದ್ರ ಅಡಗಿ, ಉಪ್ಪಿನ ಬಾಜೂಕ ಸಮುದ್ರ ಇದ್ರ ಬ್ಯಾರೆ."

"ನಮ್ಮ ಪರದೇಶಿ ಯಾರ ಬಾಜೂಕ ಕುಂತಾನಪಾ?"

"ಪಾಸ್‌ಪೋರ್ಟು, ರಾಯಭಾರಿ, ಗೂಢಚಾರ, ಹಡಗು."

"ಅಯ್ಯ, ಅವನ ಹಣೇಬಾರ!" ಎಂದೆ. ಇಬ್ಬರೂ ನಕ್ಕೆವು. ಆಗ ಅದು ಬರೀ ನಗೆಯ ಮಾತಾಗಿತ್ತು.

ಯಂತ್ರ ದಡ್ಡನಾಗಿರಬಹುದು, ಆದರೆ ಪಕ್ಷಪಾತಿ ಅಲ್ಲ. ಪಕ್ಷಪಾತ ಮೇಲಿನಿಂದ ಬರುತ್ತಿತ್ತು. ಪಕ್ಕದ ಪ್ರಾಂತದ ಮುಖ್ಯಸ್ಥ ರಣಧೀರ ಇನಾಮದಾರ ಒಕ್ಕೂಟದಲ್ಲಿ ಆಳುವ ಪಕ್ಷದವನೇ. ಅವನ ಭಾಷಣ ಒಮ್ಮೆ ನಮ್ಮ ಯಂತ್ರಕ್ಕೆ ಬಂತು. ಏಪ್ರಿಲ್ ತಿಂಗಳು, ಅವನ ಪ್ರಾಂತದಲ್ಲಿ ಕಾಗೆ ಕೂಡ ಬಾಯಿ ತೆರೆದು ಕೂರುವ ಬಿಸಿಲು. ಆ ಜನರ ಮುಂದೆ ನಿಂತು ಅವನು, "ನಿಮ್ಮ ಬಾಳಿನಲ್ಲಿ ಬಿಸಿಲು ತರುತ್ತೇನೆ! ನಿಮ್ಮ ಮಕ್ಕಳ ಮುಖದ ಮೇಲೆ ಸೂರ್ಯ ಬೆಳಗುವಂತೆ ಮಾಡುತ್ತೇನೆ!" ಎಂದ. ಸಭೆಯಲ್ಲಿ ಯಾರೋ "ಇದ್ದ ಬಿಸಲ ಸಾಕೋ ಯಪ್ಪಾ, ನೆರಳಿದ್ರ ತಾ!" ಎಂದು ಕೂಗಿದ್ದೂ ಧ್ವನಿಮುದ್ರಣದಲ್ಲಿತ್ತು. ಯಾವುದೋ ಹಿಮದ ದೇಶದ ಕಾರ್ಖಾನೆಯ ಮಾತು ಎಂದು ಹೇಳಲು ಯಂತ್ರವೇ ಬೇಕಿರಲಿಲ್ಲ. ಯಂತ್ರ ಎಪ್ಪತ್ತೆಂಟು ಕೊಟ್ಟಿತು. ಮಧ್ಯಾಹ್ನದೊಳಗೆ ಮೇಲಿನ ಕಚೇರಿಯಿಂದ 'ಸ್ಥಾನಿಕ ರಿಯಾಯಿತಿ' ಬಂತು. ಇನಾಮದಾರನ ಅಂಕಿ ಇಪ್ಪತ್ತೊಂದಕ್ಕೆ ಇಳಿಯಿತು.

"ಇದೆಂಥಾ ರಿಯಾಯ್ತಿನೋ? ದೀಪಾವಳಿ ಸೇಲ್ ಏನಿದು?" ಎಂದೆ.

"ಎಲ್ಲಾ ಪ್ರಾಂತಕ್ಕೂ ಐತಂತ್ರಿ ಅಕ್ಕಾರ. ನಮಗ ಮಾತ್ರ ಸೊನ್ನಿ," ಎಂದು ಇಲಿಯಾಸ ಲವಂಗ ಕಚ್ಚಿದ.

ನಮಗೆ ಯಾಕೆ ಸೊನ್ನೆ? ನಮ್ಮ ಪ್ರಾಂತದ ಮುಖ್ಯಸ್ಥೆ ಪಾರವ್ವ ಮೇವುಂಡಿ ಎನ್ನುವ ಕಾರಣಕ್ಕೆ. ಎಲ್ಲರ ಬಾಯಲ್ಲಿ ಆಕೆ ಪಾರಕ್ಕ. ಗಂಡ ಗಾಳಿಕಂಬದ ಮೇಲಿಂದ ಬಿದ್ದು ಸತ್ತ, ಆಕೆ ಅದೇ ಕಂಬ ಹತ್ತುವ ಕೆಲಸ ಹಿಡಿದಳು. ಆಮೇಲೆ ಕಂಬದವರ ಸಂಘ ಕಟ್ಟಿದಳು, ಆಮೇಲೆ ಪ್ರಾಂತವನ್ನೇ ಗೆದ್ದಳು. ಮುಖ್ಯಸ್ಥೆಯಾದ ಮೇಲೂ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ನಮ್ಮ ಖಾನಾವಳಿಗೆ ಬಂದು ನೆಲದ ಮೇಲೆ ಕೂತೇ ಉಣ್ಣುತ್ತಿದ್ದಳು. ಖಾನಾವಳಿ ನನ್ನ ಗಂಡ ದಾನಪ್ಪನದು. ಅವರ ಕೈಯ ಎಣ್ಣೆಗಾಯಿಗೆ ಮರುಳಾಗಿಯೇ ನಾನು ಅವರನ್ನು ಮದುವೆಯಾದದ್ದು, ಈ ಮಾತನ್ನು ಅವರ ಮುಂದೆ ಮಾತ್ರ ಯಾವತ್ತೂ ಒಪ್ಪಿಕೊಳ್ಳಲಿಲ್ಲ.

ಎಂಥಾ ದಿನಗಳವು! ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದು, ಹೊರಗೆ ಬಸ್ಸಿನವರ ಕೂಗು, ಮೂಲೆಯಲ್ಲಿ ಬಾಳವ್ವ. ಬಾಳವ್ವ ಎಂಬತ್ತರ ಮುದುಕಿ, ಮಕ್ಕಳಿಲ್ಲ, ಮರಿಯಿಲ್ಲ. ಒಂದು ಕಾಲಕ್ಕೆ ಇದೇ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುತ್ತಿದ್ದವಳು. ಆಕೆ ನಮ್ಮಲ್ಲಿ ಉಣ್ಣಲು ಶುರುಮಾಡಿದ್ದೇ ರೇಷನ್ ಕಿಂಡಿಯಿಂದಾಗಿ. ರೇಷನ್ ಕೊಡುವುದೂ ಆಗ ಯಂತ್ರವೇ. ಒಕ್ಕೂಟ ಸರಕಾರದ್ದು, ನಮ್ಮ ಯಂತ್ರದ ಶಬ್ದದ ಸಂತೆಯೇ ಅದಕ್ಕೂ. ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂದು ಕಿಂಡಿ ಕೇಳಿದರೆ ಬಾಳವ್ವ, "ಯಾರದಾರೋ ನನ್ನಪ್ಪಾ, ನಾ ಪರದೇಶಿ" ಎಂದಿದ್ದಳು. ಕಿಂಡಿ ಬಹಳ ಮರ್ಯಾದೆಯಿಂದ, "ಪರದೇಶದ ಪ್ರಜೆಗಳಿಗೆ ಈ ಸೌಲಭ್ಯವಿಲ್ಲ" ಎಂದು ಮುಚ್ಚಿಕೊಂಡಿತು. ಆಮೇಲೆ ಆಕೆ ಎಷ್ಟು ಸಲ ಹೋದರೂ ದನಿಯ ಗುರುತು ಹಿಡಿದು ಮುಚ್ಚಿಕೊಳ್ಳುತ್ತಿತ್ತು.

"ಎಂಬತ್ತ ವರ್ಷ ಈ ಊರ ನೀರ ಕುಡದೀನಿ. ಈಗ ನನ್ನ ಊರು ಯಾವುದಂತ ಆ ಡಬ್ಬಿ ಹೇಳತೈತಿ," ಎಂದು ಆಕೆ ಪಾರಕ್ಕನ ಎದುರು ಅತ್ತಳು.

ಪಾರಕ್ಕ ಮೂರು ಸಲ ಅರ್ಜಿ ಹಾಕಿದಳು. ಒಕ್ಕೂಟದವರು ಉತ್ತರ ಕೊಡಲಿಲ್ಲ. ಪಕ್ಕದ ಇನಾಮದಾರ ಒಂದು ಫೋನು ಮಾಡಿದರೆ ಅವನ ಪ್ರಾಂತದ ಕಿಂಡಿಗಳು ಅರ್ಧ ದಿನದಲ್ಲಿ ರಿಪೇರಿಯಾಗುತ್ತಿದ್ದವು. ಕರೆಂಟಿನದೂ ಅದೇ ಕಥೆ. ಕಪ್ಪತಗುಡ್ಡದ ಗಾಳಿಯಿಂದ ಹುಟ್ಟಿದ ಕರೆಂಟು ಮೊದಲು ಆಳುವ ಪಕ್ಷದ ಪ್ರಾಂತಗಳಿಗೆ ಹೋಗಿ, ಉಳಿದರೆ ನಮಗೆ. ಗಾಳಿಕಂಬದ ಬುಡದ ಹಳ್ಳಿಗಳಲ್ಲಿ ಜನ ಚಿಮಣಿ ಹಚ್ಚಿಕೊಂಡು ಉಣ್ಣುತ್ತಿದ್ದರು.

ಕೊನೆಗೆ ಪಾರಕ್ಕ ಒಕ್ಕೂಟ ಸಭೆಯಲ್ಲಿ ಎದ್ದು ನಿಂತಳು. ಖಾನಾವಳಿಯ ಗೋಡೆಯ ಪರದೆಯಲ್ಲಿ ನಾವೆಲ್ಲ ನೋಡುತ್ತಿದ್ದೆವು. ಆಕೆ ಕೂಗಾಡಲಿಲ್ಲ. ಓಣಿಯ ಹೆಂಗಸರ ಜೊತೆ ಕಟ್ಟೆಯ ಮೇಲೆ ಕೂತು ಮಾತಾಡುವ ದನಿಯಲ್ಲೇ ಹೇಳಿದಳು.

"ಗಾಳಿ ನಮ್ದು, ಬೆಳಕ ನಿಮ್ದು. ಆಗ್ಲಿ. ಆದ್ರ ನಮ್ಮ ಮಂದಿ ಪರದೇಶಿ ಆಗ್ಯಾರ್ರಿ. ಹೇಳವ್ರಿಲ್ಲ, ಕೇಳವ್ರಿಲ್ಲ. ನಾನೂ ಪರದೇಶಿ ಆಗೇನಿ. ಪರದೇಶಿ ಮಂದಿ ಪರವಾಗೇ ಇಲ್ಲಿ ನಿಂತೇನಿ."

ಖಾನಾವಳಿಯಲ್ಲಿ ಯಾರೂ ತುತ್ತು ಎತ್ತಲಿಲ್ಲ. ನನ್ನ ಗಂಡ ಸೌಟು ಹಿಡಿದೇ ನಿಂತಿದ್ದರು. ಆ ಮಾತನ್ನು ಯಂತ್ರ ಹೇಗೆ ಕೇಳುತ್ತದೆ ಎನ್ನುವುದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಮರುದಿನ ಕಚೇರಿಗೆ ಹೋದರೆ ಇಲಿಯಾಸ ಪರದೆಯತ್ತ ಬೆರಳು ಮಾಡಿದ. ಪಾರವ್ವ ಮೇವುಂಡಿ: ಎಂಬತ್ತಮೂರು. ಅಂಕಿಯ ಕೆಳಗೆ ಯಂತ್ರ ತನ್ನ ವಿವರಣೆಯನ್ನೂ ಬರೆದಿತ್ತು. 'ಇವರು ತಾವು ಹೊರದೇಶದವರೆಂದೂ ಹೊರದೇಶದವರ ಪರವಾಗಿ ನಿಂತಿರುವುದಾಗಿಯೂ ಸ್ವತಃ ಒಪ್ಪಿಕೊಂಡಿದ್ದಾರೆ.'

ಸಂಜೆಯ ಹೊತ್ತಿಗೆ ದೇಶವೆಲ್ಲ ಅದೇ ಸುದ್ದಿ. ಗಾಳಿಕಂಬದ ಹೆಂಗಸು ಯಾವ ದೇಶದ ಗೂಢಚಾರಿಣಿ ಎಂದು ಟೀವಿಯಲ್ಲಿ ಜಗಳ. ಪಾರಕ್ಕ ಖಾನಾವಳಿಗೆ ಬಂದಳು, ಮುಖ ಬಾಡಿತ್ತು.

"ಕುರ್ಚಿ ಹೋಗ್ಲಿ ಕಸ್ತೂರಿ, ಅದೇನ ಅಪ್ಪ ಬಿಟ್ಟು ಹೋಗಿದ್ದಲ್ಲ," ಎಂದಳು. "ಆದ್ರ ಈ ಹೆಸರ ಹೊತ್ತು ಹೆಂಗ ಬದುಕ್ಲಿ ಬೇ? ದೇಶಾ ಮಾರಿದಾಕಿ ಅಂತಾರ. ನಾಳೆ ಯಾರರ ಮನಿಗೆ ಹೋದ್ರ ಒಂದ ವಾಟಗಾ ನೀರ ಕೊಟ್ಟಾರೇನ?"

ಕಾನೂನಿನಲ್ಲಿ ಒಂದೇ ಒಂದು ದಾರಿ ಇತ್ತು. ಶಬ್ದದ ಅರ್ಥ ತಪ್ಪಾಗಿದೆ ಎಂದು ವಿಚಾರಣೆ ಕೇಳಬಹುದು. ಆದರೆ ನಿಘಂಟು ತೋರಿಸಿದರೆ ಆಗದು, ಪಂಡಿತರು ಹೇಳಿದರೆ ಆಗದು. ಜನ ತಾವಾಗಿಯೇ ಆ ಶಬ್ದವನ್ನು ಆ ಅರ್ಥದಲ್ಲಿ ಆಡಿದ ದನಿಗಳು ಬೇಕು, ಸಾವಿರಗಟ್ಟಲೆ. ಹೇಳಿಕೊಟ್ಟು ಹೇಳಿಸಿದರೆ ಯಂತ್ರ ಹಿಡಿದುಬಿಡುತ್ತದೆ. ಆಡಿದವರ ಒಪ್ಪಿಗೆಯನ್ನು ಆಮೇಲೆ ತೆಗೆದುಕೊಳ್ಳಬಹುದು. ಇಷ್ಟು ದನಿ ಸೇರಿದರೆ ಪರದೇಶಿ ಸಂತೆಯಲ್ಲಿ ಎದ್ದು ತನ್ನ ಜಾಗ ಬದಲಿಸುತ್ತಾನೆ ಎಂದ ಇಲಿಯಾಸ.

"ಪರದೇಶಿ ಅನ್ರಿ ಅಂತ ಹೇಳದಂಗ ಮಂದಿ ಕಡಿಂದ ಪರದೇಶಿ ಅನ್ನಸೂದು ಹೆಂಗಪಾ?" ಎಂದು ನಾನು ತಲೆ ಕೆರೆದುಕೊಂಡೆ.

ನನ್ನ ಗಂಡ ಹಿಟ್ಟಿನ ಕೈ ಒರೆಸಿಕೊಂಡು ಬಂದರು. "ಇದೇನ ದೊಡ್ಡ ಮಾತು? ನಾಳಿಂದ ಎರಡನೇ ಸಲ ಪಲ್ಯ ಹಾಕೂದಿಲ್ಲ ಅಂತೀನಿ. ನಮ್ಮನ್ನ ಪರದೇಶಿ ಮಾಡಿದ್ಯಲ್ಲೋ ದಾನಪ್ಪಾ ಅಂತ ತಾವ ಹೊಯ್ಕೋತಾರ."

ಮೆಚ್ಚುವಂಥ ಉಪಾಯ ಎಂದುಕೊಂಡು ಇಲಿಯಾಸ ಉಪ್ಪಿನಕಾಯಿ ಭರಣಿಯ ಹಿಂದೆ ಮೈಕು ಇಟ್ಟ. ಮರುದಿನ ಖಾನಾವಳಿಯಲ್ಲಿ ರಣರಂಗ. ಜನ ಬೈದರು ನೋಡಿ, ಆಹಾ! ಜಿಪುಣಾಗ್ರೇಸರ ಎಂದರು, ನಿನ್ನ ಒಲಿಯಾಗ ನಾಯಿ ಮಲಗ್ಲಿ ಎಂದರು, ನಿನ್ನ ಬಾಯಾಗ ಮಣ್ಣ ಬೀಳ್ಲಿ ಎಂದರು. ಒಬ್ಬ ಕಂಡಕ್ಟರು ನನ್ನ ಮಾವನವರ ಅಪ್ಪನವರೆಗೂ ಹೋಗಿ ಬಂದ. ಆದರೆ ಪರದೇಶಿ ಎಂಬ ಶಬ್ದ ಮಾತ್ರ ಒಬ್ಬರ ಬಾಯಿಂದಲೂ ಬರಲಿಲ್ಲ.

ಮೂರನೆಯ ದಿನಕ್ಕೆ ಖಾನಾವಳಿ ಖಾಲಿ. ನನ್ನ ಗಂಡ ತಲೆ ಮೇಲೆ ಕೈ ಹೊತ್ತು ಹೊಸ್ತಿಲ ಮೇಲೆ ಕೂತರು. ಅದೇ ಕಂಡಕ್ಟರು ಎದುರಿಗೆ ಹಾದುಹೋಗುತ್ತಿದ್ದವನು ನಿಂತು ನೋಡಿದ. ಮುಖ ಮೆತ್ತಗಾಯಿತು. ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟು, "ಪಾಪ, ಪರದೇಶಿ ಹಂಗ ಕುಂತೀಯಲ್ಲೋ ದಾನಪ್ಪಾ! ಏಳ, ಏಳ. ಏನ್ ಕಷ್ಟ ಬಂತು, ಹೇಳರ ಹೇಳ," ಎಂದ.

ಒಳಗಿದ್ದ ನಾನು ಹಣೆ ಹಣೆ ಬಡಿದುಕೊಂಡೆ. ಸಿಟ್ಟಿನಲ್ಲಿ ಆಡುವ ಮಾತೇ ಅಲ್ಲ ಅದು! ಅಯ್ಯೋ ಎನ್ನಿಸಿದಾಗ ಮಾತ್ರ ಹೊರಡುವ ಮಾತು. ನಾವೇ ಅದೇ ಮಾತಿನಲ್ಲಿ ಹುಟ್ಟಿ ಬೆಳೆದು, ನಮಗೇ ಅದು ಹೊಳೆದಿರಲಿಲ್ಲ.

ಅವತ್ತೇ ಎರಡನೇ ಸಲದ ಪಲ್ಯ ಮತ್ತೆ ಶುರುವಾಯಿತು. ಬಾಳವ್ವನನ್ನು ಕರೆದು ಕೂರಿಸಿ, "ನಿನಗ ಕಿಂಡಿ ಏನ್ ಮಾಡ್ತು, ಅದನ್ನ ಮಂದಿ ಮುಂದ ಹೇಳಬೇ, ಸಾಕು," ಎಂದೆವು. ಹೇಳಿಕೊಡುವುದೇನೂ ಇರಲಿಲ್ಲ, ಆಕೆಯ ದುಃಖ ಆಕೆಯದೇ. ಮುದುಕಿ ಬೆಟಗೇರಿಯ ಮಗ್ಗದ ಓಣಿಗೆ ಹೋದಳು, ಭೀಷ್ಮ ಕೆರೆಯ ದಂಡೆಗೆ ಹೋದಳು, ಸಂತೆಯಲ್ಲಿ ಮೆಣಸಿನಕಾಯಿ ಚೀಲದ ಮೇಲೆ ಕೂತು ಹೇಳಿದಳು. ಜೊತೆಗೆ ಪಾರಕ್ಕ ಹೋದರೆ ಹೇಳಿಸಿದ ದನಿ ಎನ್ನಿಸಿಕೊಳ್ಳುತ್ತಿತ್ತು; ನಾನೂ ಇಲಿಯಾಸನೂ ಮೈಕು ಹಿಡಿದು ಹಿಂದೆ ಹಿಂದೆ. ಆಕೆ ಹೇಳಿ ಮುಗಿಸುವ ಮೊದಲೇ ಜನ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ಅಯ್ಯ ಶಿವನೇ, ಪರದೇಶಿ ಮುದುಕಿನ್ನ ಹಿಂಗ ಮಾಡಬಾರದಿತ್ತು." "ನಮ್ಮ ಅಕ್ಕನೂ ಹಿಂಗ ಪರದೇಶಿ ಆಗಿ ಸತ್ಲು ನೋಡ್ರಿ." "ಯಾಕ ಅಳ್ತಿ ಆಯಿ, ನಾವಿರೂತನಕಾ ನೀ ಹೆಂಗ ಪರದೇಶಿ ಆಗ್ತಿ?" ಈ ಕೊನೆಯದನ್ನು ಹೇಳಿದವಳು ಮಗ್ಗದ ಓಣಿಯ ಒಬ್ಬ ಹೆಂಗಸು. ಆಕೆಯ ಮನೆಯಲ್ಲೇ ಒಲೆ ಹೊತ್ತಿರಲಿಲ್ಲ ಅವತ್ತು.

ಕೆಲಸವೆಂದು ಹೊರಟವಳು ನಾನು. ದನಿ ಕೂಡಿಹಾಕುತ್ತ ಕೂಡಿಹಾಕುತ್ತ ಮೈಕು ಹಿಡಿದದ್ದೇ ನನಗೆ ಮರೆತುಹೋಗುತ್ತಿತ್ತು. ಅಷ್ಟೊಂದು ಮಂದಿ ಪರಸ್ಪರ ಅಯ್ಯೋ ಅನ್ನುವುದನ್ನು ಒಟ್ಟಿಗೆ ಕೇಳಿದ್ದು ಜೀವನದಲ್ಲಿ ಅದೇ ಮೊದಲು, ಅದೇ ಕೊನೆ.

ವಿಚಾರಣೆ ನಡೆಸಲು ಮೇಲಿನ ಕಚೇರಿಯಿಂದ ಮಾಥುರ್ ಎಂಬ ಅಧಿಕಾರಿ ಬಂದರು. ತೆಳ್ಳಗಿನ, ಮರ್ಯಾದಸ್ಥ ಮನುಷ್ಯ. ಕನ್ನಡ ಬಾರದು. ಕಿವಿಯಲ್ಲಿ ಸಿಕ್ಕಿಸಿಕೊಂಡ ಅನುವಾದದ ಯಂತ್ರ ಮಾತಾಡುತ್ತಿತ್ತು, ಅದನ್ನು ನಾವು ಕಿವಿಗುಬ್ಬಿ ಎನ್ನುತ್ತಿದ್ದೆವು. ಗುಬ್ಬಿಯ ಕನ್ನಡ ಹಳೇ ತಾಮ್ರಪಟ ಓದಿದ ಹಾಗಿರುತ್ತಿತ್ತು.

"ಸಾಕ್ಷ್ಯಧ್ವನಿಗಳನ್ನು ಅಂಗೀಕರಿಸಲಾಗಿದೆ. ಮಾನ್ಯ ಇಲಿಯಾಸರು ಯಂತ್ರಕ್ಕೆ ಉಣಬಡಿಸತಕ್ಕದ್ದು," ಎಂದಿತು ಗುಬ್ಬಿ.

ಇಲಿಯಾಸ ಉಣಬಡಿಸಿದ. ಪರದೆಯ ಮೇಲೆ ಶಬ್ದದ ಸಂತೆ ಚುಕ್ಕೆ ಚುಕ್ಕೆಯಾಗಿ ಕಂಡಿತು. ಪರದೇಶಿ ಎಂಬ ಚುಕ್ಕೆ ಪಾಸ್‌ಪೋರ್ಟು, ಹಡಗುಗಳ ನಡುವಿನಿಂದ ಮೆಲ್ಲಗೆ ಎದ್ದು ಹೊರಟಿತು. ಹಸಿವು, ಮುಪ್ಪು, ತಬ್ಬಲಿ ಇವುಗಳ ಹತ್ತಿರ ಹೋಗಿ ಕೂತಿತು. ನಾನು ಪಾರಕ್ಕನ ಕೈ ಹಿಚುಕಿದೆ. ಈಗ ಆಕೆಯ ಭಾಷಣವನ್ನು ಮತ್ತೆ ಅಳೆಯಬೇಕು. ಹತ್ತೋ ಹದಿನೈದೋ ಬರುತ್ತದೆ, ಗೆದ್ದೆವು ಎಂದುಕೊಂಡೆ.

ಅಂಕಿ ಇಳಿಯಲಿಲ್ಲ. ಎಂಬತ್ತಮೂರರಿಂದ ಮೇಲೆ ಹತ್ತಿ ತೊಂಬತ್ತೇಳಕ್ಕೆ ನಿಂತಿತು.

ಇಲಿಯಾಸನ ಮುಖ ಸುಣ್ಣ. ಅಂಕಿಯ ಕೆಳಗಿನ ವಿವರಣೆ ಓದಿದ ಮೇಲೆ ಅವನು ಕುರ್ಚಿಗೆ ಒರಗಿ ನಗಲು ಶುರುಮಾಡಿದ, ಕಣ್ಣಲ್ಲಿ ನೀರು ಬರುವ ತನಕ ನಕ್ಕ.

"ನಾವು ಶಬ್ದದ ಅರ್ಥ ತಿದ್ದಿದ್ವಿ ಅಕ್ಕಾರ. ಸೂಚ್ಯಂಕದ ಹೆಸರೂ ಅದ ಶಬ್ದ ಐತಲ್ರಿ! ಪರದೇಶಿ ಎಲ್ಲಿ ಹೋಗಿ ಕುಂತನೋ ಅಲ್ಲಿಂದ ಅಳ್ಯಾಕತ್ತೈತಿ. ಹೊರದೇಶದವರ ಪ್ರಭಾವ ಎಷ್ಟು ಅಂತ ಈಗ ಅದು ಕೇಳಾಕತ್ತಿಲ್ಲ. ದಿಕ್ಕಿಲ್ಲದವರ ಪ್ರಭಾವ ಎಷ್ಟು ಅಂತ ಕೇಳಾಕತ್ತೈತಿ."

ಪರದೆಯ ಮೇಲೆ ಬರೆದಿತ್ತು: 'ಪಾರವ್ವ ಮೇವುಂಡಿ. ಇವರ ಮಾತಿನ ಮೂಲ ದಿಕ್ಕಿಲ್ಲದವರು. ಬೇರೆ ಮೂಲ ಕಂಡುಬಂದಿಲ್ಲ.' ಕನ್ನಡ ಆಡುವ ಉಳಿದ ಪ್ರಾಂತಗಳ ಅಂಕಿಗಳೂ ತಾವಾಗಿ ಬದಲಾಗುತ್ತಿದ್ದವು. 'ರಣಧೀರ ಇನಾಮದಾರ: ಸೊನ್ನೆ. ಇವರ ಮಾತಿಗೂ ದಿಕ್ಕಿಲ್ಲದವರಿಗೂ ಯಾವ ಸಂಬಂಧವೂ ಕಂಡುಬಂದಿಲ್ಲ.'

ಮಾಥುರ್ ಆ ಸಾಲುಗಳನ್ನು ಗುಬ್ಬಿಯಿಂದ ಎರಡು ಸಲ ಓದಿಸಿಕೊಂಡರು. ಆಮೇಲೆ ಉಳಿದವರನ್ನು ಚಹಾಕ್ಕೆ ಕಳಿಸಿ ಪಾರಕ್ಕನನ್ನೂ ನನ್ನನ್ನೂ ಉಳಿಸಿಕೊಂಡರು. ಕಷ್ಟ ಅವರಿಗೂ ಇತ್ತು. ಕಾನೂನಿನಂತೆ ಅವತ್ತು ಸಂಜೆಯೇ ವರದಿಯನ್ನು ವಿವರಣೆಯ ಸಮೇತ ಕನ್ನಡದಲ್ಲಿ ಆಕಾಶವಾಣಿಯಿಂದ ಓದಬೇಕು; ಓದಿದರೆ ಆಳುವ ಪಕ್ಷದ ಮಾನ ಮೂರು ಕಾಸಾಗುತ್ತದೆ. ಒಮ್ಮೆ ಅಂಗೀಕರಿಸಿದ ದನಿಗಳನ್ನು ಅರ್ಜಿದಾರರ ಒಪ್ಪಿಗೆಯಿಲ್ಲದೆ ತೆಗೆಯುವಂತಿಲ್ಲ. ಅರವತ್ತು ದಾಟಿದವರು ಹೋಗಬೇಕು ಎನ್ನುವುದಂತೂ ಕಲ್ಲಿನ ಮೇಲೆ ಬರೆದದ್ದು.

"ತಾವು ಧ್ವನಿಗಳನ್ನು ಹಿಂಪಡೆಯಿರಿ," ಎಂದಿತು ಗುಬ್ಬಿ. "ಪದವು ಪೂರ್ವಸ್ಥಾನಕ್ಕೆ ಮರಳುವುದು. ತಮ್ಮ ಹಳೆಯ ಅಂಕಿಯನ್ನು ತಾಂತ್ರಿಕ ದೋಷವೆಂದು ಅಳಿಸಲಾಗುವುದು. ತಮ್ಮ ಅಧಿಕಾರಕ್ಕೂ ಗೌರವಕ್ಕೂ ಕುಂದಿಲ್ಲ. ಇದು ನನ್ನ ವಚನ."

ನನಗೆ ಕುಣಿಯುವಷ್ಟು ಸಂತೋಷವಾಯಿತು. "ಹೂಂ ಅನ್ನ ಪಾರಕ್ಕಾ!" ಎಂದು ಕಿವಿಯಲ್ಲಿ ಉಸುರಿದೆ.

ಪಾರಕ್ಕ ಮಾತ್ರ ಮಾಥುರರ ಮುಖವನ್ನೇ ನೋಡುತ್ತಿದ್ದಳು. "ಅಲ್ರಿ ಸಾಹೇಬ್ರ, ಶಬ್ದ ಹಳೇ ಜಾಗಾಕ್ಕ ಹೋದ್ರ ರೇಷನ್ ಕಿಂಡಿ ಏನಾಗತೈತ್ರಿ?"

ಮಾಥುರ್ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಕಿಂಡಿಗಳಿಗೂ ಇದೇ ಪದಜಾಲ. ಅಲ್ಲಿಯೂ ಹಳೆಯ ಅರ್ಥವೇ ಇರುವುದು."

"ಅಂದ್ರ ಪರದೇಶಿ ಅಂದಾವ್ರು ಇನ್ನ ಮುಂದನೂ ಹೊರದೇಶದವ್ರು."

"ಹಾಗೆಯೇ."

ನನಗೆ ತಡೆಯಲಾಗಲಿಲ್ಲ. ಮಾಥುರರ ಎದುರಿಗೇ ರೇಗಿದೆ. "ಹುಚ್ಚರ ಹಂಗ ಮಾಡಬ್ಯಾಡ! ಕುರ್ಚಿ ಮ್ಯಾಲ ಇದ್ರ ನಾಕ ಮಂದೀಗೆ ಆಸರ ಆಗ್ತಿ. ನೀನ ಇಲ್ಲಂದ್ರ ನಮಗ್ಯಾರು? ಆರು ವರ್ಷ ಅಂದ್ರ ಸಣ್ಣ ಮಾತೇನ? ಅಲ್ಲೀತನಕಾ ನಿನ್ನ ಹೆಸರ ಮರತಬಿಡ್ತಾರ ಬೇ!"

"ಮೂರ ವರ್ಷ ಕುರ್ಚಿ ಮ್ಯಾಲ ಕುಂತಿದ್ನೆಲ್ಲ ಕಸ್ತೂರಿ," ಎಂದಳು ಪಾರಕ್ಕ. "ಬಾಳವ್ವಗ ಒಂದ ಸೇರ ಜ್ವಾಳ ಕೊಡಸಾಕ ಆಗ್ಲಿಲ್ಲ ನನ್ನ ಕೈಲೆ. ಊರ ಮಂದಿ ಅಯ್ಯೋ ಅಂದ ದನಿ ಅದು. ಅದನ್ನ ಅಳಿಸಿ ನಾ ಕುರ್ಚಿ ಮ್ಯಾಲ ಕುಂತ್ರ, ಆಕಿ ಎದರಿಗೆ ಕುಂತು ಹೆಂಗ ಉಣ್ಲಿ?" ಆಮೇಲೆ ಮಾಥುರರ ಕಡೆ ತಿರುಗಿದಳು. "ಇರ್ಲಿ ಬಿಡ್ರಿ ಸಾಹೇಬ್ರ. ಯಂತ್ರ ಅಂದದ್ದು ಖರೇನ ಐತಿ. ನಾ ಪರದೇಶಿಗಳ ಪ್ರಭಾವಕ್ಕ ಒಳಗಾದಾಕಿನ. ಎಲ್ಲಿ ಸಹಿ ಮಾಡ್ಲಿ, ಹೇಳ್ರಿ."

ಮಾಥುರ್ ಎದ್ದು ನಿಂತರು. ಕಿವಿಗುಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟು ಪಾರಕ್ಕನಿಗೆ ಕೈಮುಗಿದರು. ಅವರು ಏನೋ ಅಂದರು, ಅದು ನಮಗೆ ತಿಳಿಯಲಿಲ್ಲ.

ಸಂಜೆ ಖಾನಾವಳಿಯ ರೇಡಿಯೋದಲ್ಲಿ ವರದಿ ಬಂತು. 'ಪಾರವ್ವ ಮೇವುಂಡಿಯವರ ಮಾತಿನ ಮೂಲ ದಿಕ್ಕಿಲ್ಲದವರು. ಆದ್ದರಿಂದ ಅವರು ಅಧಿಕಾರಕ್ಕೆ ಅನರ್ಹರು.' ಇನಾಮದಾರನ ಸಾಲು ಓದಿದಾಗ ಆ ಕಂಡಕ್ಟರು, "ಸಂಬಂಧ ಇಲ್ಲ ಅನ್ನೂದು ನಮಗ ಮೊದಲ ಗೊತ್ತಿತ್ತ ಬಿಡ್ರಿ," ಎಂದ. ಖಾನಾವಳಿಯೇ ಹಾರಿಹೋಗುವಂತೆ ಜನ ನಕ್ಕರು. ಆ ನಗೆ ಪ್ರಾಂತದಿಂದ ಪ್ರಾಂತಕ್ಕೆ ಹರಡಿತು. ಒಕ್ಕೂಟದವರು ವರ್ಷ ತುಂಬುವುದರೊಳಗೆ ಸೂಚ್ಯಂಕವನ್ನೇ ತೆಗೆದುಹಾಕಿದರು. ಆದರೆ ಪಾರಕ್ಕನ ಆರು ವರ್ಷ ಕಡಿಮೆಯಾಗಲಿಲ್ಲ. ಆಕೆ ಮತ್ತೆ ಕಂಬ ಹತ್ತಲು ಹೋದಳು, ವಯಸ್ಸಾಗಿತ್ತು, ಎದೆನೋವು ಬಂತು. ಐದನೆಯ ವರ್ಷ ತೀರಿಕೊಂಡಳು. ಈಗ ಖಾನಾವಳಿಯೂ ಇಲ್ಲ, ದಾನಪ್ಪನೂ ಇಲ್ಲ. ಚುನಾವಣೆ ಬಂದಾಗಲೆಲ್ಲ ಆಕೆ ಇರಬೇಕಿತ್ತು ಎಂದು ನಾನು ಒಬ್ಬಳೇ ಅಂದುಕೊಳ್ಳುತ್ತೇನೆ.

ನನಗೆ ಹೆಚ್ಚು ನೆನಪಾಗುವುದು ವರದಿಯ ಮರುದಿನ. ಬಾಳವ್ವನನ್ನು ರೇ‌ಷನ್ ಕಿಂಡಿಗೆ ಕರೆದುಕೊಂಡು ಹೋದೆವು, ನಾನು ಒಂದು ಕಡೆ, ಪಾರಕ್ಕ ಒಂದು ಕಡೆ. ಸಾಲಿನಲ್ಲಿದ್ದವರು ಪಾರಕ್ಕನಿಗೆ ಜಾಗ ಬಿಟ್ಟರು. "ಸಾಲಿನಾಗ ನಿಲ್ತೀನಿ ಬಿಡ್ರವಾ, ಈಗೇನ ಅರ್ಜೆಂಟ ಐತಿ ನನಗ," ಎಂದು ಆಕೆ ನಕ್ಕಳು.

ಬಾಳವ್ವ ಹೆದರುತ್ತ ಕಿಂಡಿಯ ಮುಂದೆ ನಿಂತು, "ನಾ ಪರದೇಶಿ ಅದೀನೋ ಯಪ್ಪಾ," ಎಂದಳು. ಕಿಂಡಿ "ಚೀಲ ಹಿಡಿಯಿರಿ" ಎಂದಿತು. ಜೋಳ ಸರಸರ ಸುರಿಯಿತು. ಮುದುಕಿ ಚೀಲವನ್ನು ಎದೆಗೆ ಅವುಚಿಕೊಂಡು ಅಲ್ಲೇ ಕುಸಿದು ಕೂತಳು.

ಆಕೆಯನ್ನು ಎಬ್ಬಿಸಲು ಪಾರಕ್ಕ ಬಗ್ಗಿದಳು. ಕಿಂಡಿಗೆ ಎದುರಿಗೆ ನಿಂತವರನ್ನೆಲ್ಲ ಕೇಳುವುದೇ ಕೆಲಸ. "ಮುಂದಿನವರು. ನೀವು ಯಾರು? ಮನೆಯಲ್ಲಿ ಯಾರ್‍ಯಾರಿದ್ದಾರೆ?" ಎಂದು ಕೇಳಿತು.

ಪಾರಕ್ಕ ಬಾಯಿ ತೆರೆದಳು. ಏನೆಂದು ಹೇಳಬೇಕು? ನಿನ್ನೆಯ ತನಕ ಆಕೆಗೊಂದು ಹುದ್ದೆಯಿತ್ತು, ಹೇಳಲು ಉತ್ತರವಿತ್ತು. "ಯಾರಿಲ್ಲಪಾ. ನಾನೂ ಪರದೇಶಿನ," ಎಂದಳು.

"ಚೀಲ ಹಿಡಿಯಿರಿ," ಎಂದಿತು ಕಿಂಡಿ.

ಚೀಲ ತಂದಿರಲಿಲ್ಲ. ಜೋಳ ಸುರಿಯಲು ಶುರುವಾದದ್ದೇ ಪಾರಕ್ಕ ಗಡಿಬಿಡಿಯಲ್ಲಿ ಸೆರಗು ಒಡ್ಡಿದಳು. ಗಂಡ ಸತ್ತ ಮೇಲೆ ನಮ್ಮ ಊರಿನ ಯಾವ ಮನೆಯಲ್ಲೂ, ನನ್ನ ಮನೆಯಲ್ಲೂ ಸಹ, ಯಾರೂ ಆಕೆಯ ಉಡಿ ತುಂಬಿರಲಿಲ್ಲ. ವಿಧವೆಯ ಉಡಿ ತುಂಬಬಾರದು ಎನ್ನುವುದು ಆ ಕಿಂಡಿಗೆ ಯಾರೂ ಕಲಿಸಿರಲಿಲ್ಲ. ಪಾರಕ್ಕ ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅಷ್ಟು ಮಂದಿಯ ಎದುರಿಗೆ, ಸಣ್ಣ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು.